ಹಿತ್ತಲ ತರಕಾರಿಗೆ ಬೂದಿ ರೋಗ ಮತ್ತು ಕೀಟಬಾಧೆ: ಎಲ್ಲಕ್ಕೂ ಒಂದೇ ಔಷಧಿ ಏಕೆ ಸಾಲದು?

ಪ್ರಶ್ನೆ: ನಾವು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಗಜನಿ ಬಯಲಿಗೆ (ಉಪ್ಪುನೀರು ನುಗ್ಗುವ ಗದ್ದೆಗಳಿಗೆ) ಹತ್ತಿರದ ಊರಿನವರು. ಮಳೆ ನಿಂತ ಮೇಲೆ ಹಿತ್ತಲಲ್ಲಿ ಸೌತೆ, ಮೊಗೆ, ಹೀರೆ, ಹಾಗಲ, ಬೆಂಡೆ, ಅಲಸಂದೆ ಮತ್ತು ಕೆಲವು ಮೆಣಸಿನ ಗಿಡ ಹಾಕಿದ್ದೇವೆ. ಡಿಸೆಂಬರ್ ಕೊನೆಯಿಂದ ಸೌತೆ, ಮೊಗೆ, ಬೆಂಡೆಯ ಎಲೆಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಂಡು ಎಲೆ ಹಳದಿಯಾಗಿ ಒಣಗುತ್ತಿದೆ. ಅಡಿಕೆಗೆಂದು ತಂದು ಉಳಿದಿದ್ದ ಮೈಲುತುತ್ತದಿಂದ ಬೋರ್ಡೋ ದ್ರಾವಣ ಮಾಡಿ ಎರಡು ಸಲ ಸಿಂಪಡಿಸಿದೆವು, ಬಚ್ಚಲೊಲೆಯ ಬೂದಿಯನ್ನೂ ಎರಚಿದೆವು. ರೋಗ ನಿಲ್ಲಲಿಲ್ಲ, ಸೌತೆಯ ಎಲೆಯಂಚು ಸುಟ್ಟಂತಾಯಿತು. ಇದರ ಜೊತೆಗೆ ಮೆಣಸಿನ ಎಲೆ ಮುರುಟಿದೆ, ಅಲಸಂದೆಯ ಕುಡಿಗೆ ಕಪ್ಪು ಹೇನು ಹಿಡಿದಿದೆ, ಅಂಗಳದ ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳು ಬಂದಿದೆ, ಹಾಗಲದ ಮಿಡಿ ಕೊಳೆತು ಒಳಗೆ ಹುಳು ಕಾಣುತ್ತಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ವಿಷದ ಔಷಧಿ ಬೇಡ ಎಂಬುದು ನಮ್ಮ ಇಚ್ಛೆ. ಎಲ್ಲಕ್ಕೂ ಆಗುವ ಒಂದು ಔಷಧಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಎಲ್ಲಕ್ಕೂ ಆಗುವ ಒಂದು ಔಷಧಿ ಇಲ್ಲ. ನೀವು ವಿವರಿಸಿರುವುದು ಒಂದು ತೊಂದರೆಯಲ್ಲ, ಐದು ಬೇರೆ ಬೇರೆ ತೊಂದರೆಗಳು. ಸೌತೆ, ಮೊಗೆ ಮತ್ತು ಬೆಂಡೆಯ ಮೇಲಿರುವುದು ಶಿಲೀಂಧ್ರದಿಂದ ಬರುವ ಬೂದಿ ರೋಗ. ಮೆಣಸಿನ ಮುರುಟು ಬಹುಮಟ್ಟಿಗೆ ನುಸಿಯ ಕೆಲಸ. ಅಲಸಂದೆ ಮತ್ತು ದಾಸವಾಳದಲ್ಲಿರುವವು ರಸ ಹೀರುವ ಎರಡು ಬೇರೆ ಕೀಟಗಳು. ಹಾಗಲದ ಮಿಡಿಯೊಳಗಿರುವುದು ಹಣ್ಣು ನೊಣದ ಮರಿ. ಸೌತೆಯ ಎಲೆಯಂಚು ಸುಟ್ಟಿರುವುದಕ್ಕೆ ರೋಗಕ್ಕಿಂತ ನೀವು ಸಿಂಪಡಿಸಿದ ಬೋರ್ಡೋ ದ್ರಾವಣವೇ ಕಾರಣವಾಗಿರುವ ಸಂಭವ ಹೆಚ್ಚು. ಆದ್ದರಿಂದ ಆ ಸಿಂಪರಣೆಯನ್ನೂ ಬೂದಿ ಎರಚುವುದನ್ನೂ ಇಂದಿನಿಂದಲೇ ನಿಲ್ಲಿಸಿ. ಮಕ್ಕಳಿರುವ ಮನೆಯಲ್ಲಿ ವಿಷ ಬೇಡವೆಂಬ ನಿಮ್ಮ ಇಚ್ಛೆ ಪೂರ್ತಿ ಸರಿಯಾಗಿದೆ. ಹಿತ್ತಲಿನ ಮಟ್ಟದಲ್ಲಿ ಅದನ್ನು ಪಾಲಿಸುವುದು ಸಾಧ್ಯವೂ ಇದೆ.

ಅಡಿಕೆ ಇರುವ ಮನೆಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಕೈಗೆ ಸಿಗುವಂತಿರುವುದರಿಂದ, ಯಾವ ಗಿಡಕ್ಕೆ ಏನೇ ಬಂದರೂ ಬೋರ್ಡೋ ಹೊಡೆಯುವ ರೂಢಿ ಶಿರಸಿ, ಸಿದ್ದಾಪುರದಿಂದ ಹಿಡಿದು ಹೊನ್ನಾವರದವರೆಗೂ ಇದೆ. ಅಡಿಕೆಯ ಕೊಳೆ ರೋಗಕ್ಕೆ ಅದು ನಿಜವಾಗಿಯೂ ಒಳ್ಳೆಯ ಔಷಧಿ. ಶತಮಾನದ ಹಿಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆ ರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ಶಿಫಾರಸು ಮಾಡಿದ ಮೇಲೆ ಅಡಿಕೆ ಸೀಮೆ ಇಂದಿಗೂ ಅದನ್ನೇ ನೆಚ್ಚಿಕೊಂಡಿದೆ. ಆದರೆ ಕೊಳೆ ರೋಗದ ಫೈಟಾಫ್ಥೊರಾ ನೀರನ್ನು ಆಶ್ರಯಿಸಿದ ಜೀವಿ. ಮಳೆಯ ನೀರಿನಲ್ಲಿ ಈಜಿ ಹೋಗುವ ಅದರ ಬೀಜಕಗಳನ್ನು ಕಾಯಿಯ ಮೇಲೆ ಅಂಟಿಕೊಂಡ, ಮೈಲುತುತ್ತದಲ್ಲಿರುವ ತಾಮ್ರದ ಪೊರೆ ಕೊಲ್ಲುತ್ತದೆ. ಬೂದಿ ರೋಗದ ಸ್ವಭಾವ ಇದಕ್ಕೆ ತದ್ವಿರುದ್ಧ. ಬೋರ್ಡೋ ದ್ರಾವಣ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ ಈ ವ್ಯತ್ಯಾಸ ಸ್ಪಷ್ಟವಾಗಿತ್ತು: 1840ರ ದಶಕದಲ್ಲಿ ಯುರೋಪಿನ ದ್ರಾಕ್ಷಿಗೆ ಬೂದಿ ರೋಗ ಬಂದಾಗ ಅದನ್ನು ತಡೆದದ್ದು ಗಂಧಕ, 1885ರ ಹೊತ್ತಿಗೆ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ಅವರು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ್ದು ಅದೇ ದ್ರಾಕ್ಷಿಯ ತುಪ್ಪಟ ರೋಗಕ್ಕೆ, ಅಂದರೆ ಒದ್ದೆ ಹವೆಯಲ್ಲಿ ಎಲೆಯಡಿ ಬೂಷ್ಟು ಹಿಡಿಯುವ ಬೇರೊಂದು ರೋಗಕ್ಕೆ. ಒಂದೇ ಬಳ್ಳಿಯ ಎರಡು ರೋಗಗಳಿಗೆ ಎರಡು ಔಷಧಿ ಬೇಕಾಯಿತು. ಇನ್ನು ಸೌತೆ, ಮೊಗೆಯಂಥ ಮೆತ್ತನೆಯ ಎಲೆಗೆ ಅಡಿಕೆಗೆ ಮಾಡುವ ಶೇಕಡಾ 1ರ ದ್ರಾವಣ ತೀರ ಪ್ರಬಲವಾಗುತ್ತದೆ. ಸುಣ್ಣ ಸ್ವಲ್ಪ ಕಡಿಮೆಯಾಗಿದ್ದರಂತೂ ಎಲೆ ಸುಡುವುದು ನಿಶ್ಚಿತ.

ಬೂದಿ ರೋಗದ ಶಿಲೀಂಧ್ರ ಬದುಕಿರುವ ಎಲೆಯ ಮೇಲೆ ಮಾತ್ರ ಬದುಕಬಲ್ಲದು. ಅದರ ಎಳೆಗಳು ಎಲೆಯ ಮೇಲ್ಮೈಯಲ್ಲಿ ಹರಡಿಕೊಂಡು, ಹೊರಪದರದ ಕೋಶಗಳೊಳಗೆ ಸಣ್ಣ ಹೀರುಬೇರುಗಳನ್ನು ಇಳಿಸಿ ಆಹಾರ ಪಡೆಯುತ್ತವೆ. ನಿಮಗೆ ಬಿಳಿ ಪುಡಿಯಾಗಿ ಕಾಣುವುದು ಈ ಎಳೆಗಳು ಮತ್ತು ಅವುಗಳ ಮೇಲೆ ಸಾಲಾಗಿ ಹುಟ್ಟುವ ಬೀಜಕಗಳು. ಬೇರೆ ಬಹುತೇಕ ಶಿಲೀಂಧ್ರಗಳ ಬೀಜಕ ಮೊಳೆಯಲು ಎಲೆಯ ಮೇಲೆ ನೀರು ನಿಂತಿರಬೇಕು. ಇದರ ಬೀಜಕದೊಳಗೇ ಸಾಕಷ್ಟು ನೀರಿರುವುದರಿಂದ ಒಣ ಎಲೆಯ ಮೇಲೂ ಮೊಳೆಯುತ್ತದೆ, ಎಲೆ ಬಹಳ ಹೊತ್ತು ತೊಯ್ದಿದ್ದರೆ ಬದಲಾಗಿ ಹಾಳಾಗುತ್ತದೆ. ಗಾಳಿಯಲ್ಲಿ ತೇವ ಇರಬೇಕು, ಎಲೆಯ ಮೇಲೆ ನೀರು ಇರಬಾರದು, ಹವೆ ಸುಮಾರು 20ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ನೆರಳಿರಬೇಕು. ಇಷ್ಟು ಒದಗಿದರೆ ಬೀಜಕ ಬಿದ್ದ ಒಂದು ವಾರದೊಳಗೇ ಹೊಸ ಬೀಜಕಗಳು ಗಾಳಿಗೆ ಹಾರುತ್ತವೆ.

ಈಗ ನಮ್ಮ ಕರಾವಳಿಯ ಹವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಲೆಯನ್ನು ಬಿಡದೆ ತೊಳೆಯುವುದರಿಂದ ಆಗ ಬೂದಿ ರೋಗ ಅಪರೂಪ. ನವೆಂಬರ್ ಕಳೆದ ಮೇಲೆ ಮಳೆ ಇಲ್ಲ, ರಾತ್ರಿ ತಂಪು, ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ತೇವ ತುಂಬಿರುತ್ತದೆ. ಚಪ್ಪರದ ಅಡಿಯಲ್ಲಿ, ತೆಂಗಿನ ನೆರಳಿನಲ್ಲಿ, ಗೋಡೆಯ ಬದಿಯಲ್ಲಿ ಗಾಳಿಯಾಡದ ಎಲೆಗಳು ಇಂಥ ಹೊತ್ತಿನಲ್ಲಿ ಮೊದಲು ಬೆಳ್ಳಗಾಗುತ್ತವೆ. ಭತ್ತ ಕೊಯ್ದ ಗದ್ದೆಯಲ್ಲಿ ಬಯಲಿನಲ್ಲಿ ಹಾಕಿದ ಸೌತೆಗಿಂತ ಮನೆಯ ಹಿಂಬದಿಯ ಚಪ್ಪರದ ಸೌತೆಗೆ ರೋಗ ಬೇಗ ಬರುವುದಕ್ಕೆ ಕಾರಣ ಇದೇ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಕಡೆ ರಾತ್ರಿಯ ಚಳಿ ಹೆಚ್ಚಾದ್ದರಿಂದ ರೋಗದ ಕಾಲ ಫೆಬ್ರುವರಿಯ ತನಕವೂ ಎಳೆಯುತ್ತದೆ. ಇದೇ ತಿಂಗಳುಗಳಲ್ಲಿ ಅಂಕೋಲೆಯ ಕರಿ ಇಶಾಡದಂಥ ಮಾವಿನ ಹೂವಿಗೂ ಬೂದಿ ರೋಗ ಬರುವುದನ್ನು ನೀವು ಕಂಡಿರಬಹುದು. ಆ ಶಿಲೀಂಧ್ರ ಬೇರೆ ಜಾತಿಯದು. ಮಾವಿನಿಂದ ಸೌತೆಗೆ ದಾಟುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ಸೌತೆ, ಮೊಗೆ, ಕುಂಬಳದಂಥ ಬಳ್ಳಿಗಳು ಈ ರೋಗವನ್ನು ತಮ್ಮೊಳಗೆ ಹಂಚಿಕೊಳ್ಳಬಲ್ಲವು.

ಔಷಧಿಗೆ ಕೈ ಹಾಕುವ ಮೊದಲು ಅದು ಬೂದಿ ರೋಗವೇ ಹೌದೆಂದು ಖಚಿತ ಮಾಡಿಕೊಳ್ಳಬೇಕು, ಮತ್ತು ಇಲ್ಲಿಯೇ ಒಲೆಯ ಬೂದಿ ದೊಡ್ಡ ಅಡ್ಡಿಯಾಗುತ್ತದೆ. ಬೂದಿ ಎರಚಿದ ಎಲೆಯಲ್ಲಿ ರೋಗ ಎಷ್ಟಿದೆ, ಹೆಚ್ಚುತ್ತಿದೆಯೇ ಕುಗ್ಗುತ್ತಿದೆಯೇ ಎಂಬುದು ಕಾಣುವುದೇ ಇಲ್ಲ. ಬೋರ್ಡೋದ ತಿಳಿನೀಲಿ ಕಲೆಯೂ ಒಣಗಿದ ಮೇಲೆ ಅದೇ ಗೊಂದಲ ತರುತ್ತದೆ. ಆದ್ದರಿಂದ ಒಂದು ಬೆಳಗ್ಗೆ ಎಲೆಗಳನ್ನು ನೀರಿನಿಂದ ಚೆನ್ನಾಗಿ ತೊಳೆದು, ಮೂರು ನಾಲ್ಕು ದಿನ ಬಿಟ್ಟು ನೋಡಿ. ಎಲೆಯ ಮೇಲ್ಭಾಗದಲ್ಲಿ ಬೆರಳಿನಿಂದ ಉಜ್ಜಿದರೆ ಹೋಗುವ, ಆದರೆ ಮತ್ತೆ ಅದೇ ಜಾಗದಲ್ಲಿ ದುಂಡಗೆ ಮೂಡುವ ಬಿಳಿ ಚುಕ್ಕೆ ಬೂದಿ ರೋಗದ್ದು. ಉಜ್ಜಿದರೂ ಹೋಗದೆ ನರಗಳ ಗುಂಟ ಬೆಳ್ಳಿಯ ಬಣ್ಣದಲ್ಲಿ ಕಾಣುವ ಕಲೆಗಳು ಕೆಲವು ಕುಂಬಳದ ತಳಿಗಳ ಸಹಜ ಬಣ್ಣ. ನರಗಳ ನಡುವೆ ಮೂಲೆ ಮೂಲೆಯಾಗಿ ಹಳದಿ ಚೌಕಗಳು ಮೂಡಿ, ಎಲೆಯ ಅಡಿಯಲ್ಲಿ ಬೂದು ಅಥವಾ ನೇರಳೆ ಛಾಯೆಯ ಬೂಷ್ಟು ಇದ್ದರೆ ಅದು ತುಪ್ಪಟ ರೋಗ. ಅದು ಮಳೆ ಹಾಗೂ ಒದ್ದೆಯ ದಿನಗಳದ್ದು; ಅಲ್ಲಿ ತಾಮ್ರಕ್ಕೆ ಕೆಲಸವಿದೆ, ಗಂಧಕಕ್ಕೆ ಇಲ್ಲ. ತೆಂಗು, ಬಾಳೆ, ಪೇರಲದ ಎಲೆಯಡಿಯಲ್ಲಿ ಸುರುಳಿ ಸುರುಳಿಯಾಗಿ ಮೇಣದಂಥ ಬಿಳಿ ಗೆರೆಗಳಿದ್ದರೆ ಅದು ರೋಗವೇ ಅಲ್ಲ. 2016ರಲ್ಲಿ ದಕ್ಷಿಣ ಭಾರತದಲ್ಲಿ ಮೊದಲು ಕಾಣಿಸಿಕೊಂಡು ಈಗ ಕರಾವಳಿಯಲ್ಲೂ ಹಬ್ಬಿರುವ ಸುರುಳಿ ಬಿಳಿನೊಣದ ಮೊಟ್ಟೆಗಳು ಅವು. ಅದನ್ನು ತಿನ್ನುವ ಸಣ್ಣ ಪರಾವಲಂಬಿ ಕಣಜ ನಮ್ಮಲ್ಲೇ ಇರುವುದರಿಂದ ಆ ಕೀಟಕ್ಕೆ ಕೀಟನಾಶಕ ಹೊಡೆಯಬಾರದು ಎಂಬುದೇ ತಜ್ಞರ ಸಲಹೆ.

ಬೂದಿ ರೋಗವೆಂದು ಖಚಿತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಕತ್ತರಿಯದು. ರೋಗ ಬಳ್ಳಿಯ ಬುಡದ ಹಳೆಯ, ನೆರಳಿನ ಎಲೆಗಳಲ್ಲಿ ಆರಂಭವಾಗಿ ಮೇಲೇರುತ್ತದೆ. ಅರ್ಧಕ್ಕಿಂತ ಹೆಚ್ಚು ಬೆಳ್ಳಗಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಯಾವ ಔಷಧಿಯೂ ಅದನ್ನು ಬದುಕಿಸುವುದಿಲ್ಲ. ಅದು ಬೀಜಕ ಹಾರಿಸುತ್ತಲೇ ಇರುತ್ತದೆ. ಅಂಥ ಎಲೆಗಳನ್ನು ನೀರು ಚಿಮುಕಿಸಿ ಪುಡಿ ಹಾರದಂತೆ ಮಾಡಿಕೊಂಡು, ತೊಟ್ಟಿನ ಸಮೇತ ಕತ್ತರಿಸಿ, ಚೀಲದಲ್ಲಿ ತುಂಬಿ ಗೊಬ್ಬರ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಬದುಕಿರುವ ಎಲೆಯಿಲ್ಲದೆ ಈ ಶಿಲೀಂಧ್ರ ಉಳಿಯಲಾರದು, ಹಾಗಾಗಿ ಮುಚ್ಚಿದ ಗುಂಡಿಯಿಂದ ಅಪಾಯವಿಲ್ಲ. ಆದರೆ ಒಂದೇ ದಿನ ಬಳ್ಳಿಯನ್ನು ಬೋಳು ಮಾಡಬೇಡಿ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಲೆ ತೆಗೆದರೆ ಕಾಯಿಗೆ ಬಿಸಿಲು ತಾಗಿ ಸುಡುತ್ತದೆ, ಬಳ್ಳಿಯೂ ಸೊರಗುತ್ತದೆ. ಹಬ್ಬಿ ಹೆಣೆದುಕೊಂಡ ಅಡ್ಡ ಕುಡಿಗಳನ್ನು ಬಿಡಿಸಿ ಚಪ್ಪರದ ಕೆಳಗೆ ಗಾಳಿ ಹಾಯುವಂತೆ ಮಾಡುವುದು ಒಂದು ಸಿಂಪರಣೆಗೆ ಸಮಾನವಾದ ಉಪಕಾರ. ಯೂರಿಯಾ ಅಥವಾ ಹಸಿ ಸಗಣಿ ನೀರನ್ನು ಮೇಲಿಂದ ಮೇಲೆ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಹೆಚ್ಚಾಗಿ ಸೊಕ್ಕಿ ಬೆಳೆದ ಮೆತ್ತನೆಯ ಎಲೆ ಈ ರೋಗಕ್ಕೂ ಹೇನಿಗೂ ಬೇಗ ಸೋಲುತ್ತದೆ.

ನೀರು ಈ ರೋಗದ ವೈರಿಯಾದ್ದರಿಂದ ಎಲೆಗಳನ್ನು ತೊಳೆಯುವುದು ಸಹ ಒಂದು ಚಿಕಿತ್ಸೆಯೇ. ಪೈಪಿನ ಬಾಯಿಗೆ ಬೆರಳಿಟ್ಟು ಎಲೆಯ ಎರಡೂ ಬದಿಗೆ ರಭಸವಾಗಿ ನೀರು ಬಿಟ್ಟರೆ ಬೀಜಕಗಳು ತೊಳೆದು ಹೋಗುತ್ತವೆ, ಹೇನು ಮತ್ತು ನುಸಿಯೂ ಉದುರುತ್ತವೆ. ಇದನ್ನು ಬೆಳಗ್ಗೆ, ಬಿಸಿಲು ಬೀಳುವ ಹೊತ್ತಿನಲ್ಲೇ ಮಾಡಬೇಕು. ಸಂಜೆ ತೊಯ್ಸಿದ ಎಲೆ ನಮ್ಮ ಕರಾವಳಿಯ ರಾತ್ರಿಯಲ್ಲಿ ಒಣಗುವುದಿಲ್ಲ. ಬೂದಿ ರೋಗ ಹೋಗಿ ತುಪ್ಪಟ ರೋಗ ಬಂದರೆ ಲಾಭವೇನೂ ಇಲ್ಲ.

ಮನೆಯಲ್ಲಿರುವ ವಸ್ತುಗಳಲ್ಲಿ ಬೂದಿ ರೋಗಕ್ಕೆ ನಾನು ಮೊದಲು ಸೂಚಿಸುವುದು ಹಾಲು. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟಿಯೋಲ್ ಅವರು ಕುಂಬಳದ ಜಾತಿಯ ಗಿಡಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಶೇಕಡಾ 10 ಅಥವಾ ಅದಕ್ಕಿಂತ ಗಟ್ಟಿಯಾದ ಹಾಲಿನ ಸಿಂಪರಣೆ ರಾಸಾಯನಿಕ ಶಿಲೀಂಧ್ರನಾಶಕಕ್ಕೆ ಸರಿಸಮನಾಗಿ ರೋಗವನ್ನು ತಡೆದಿತ್ತು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ವಾರಕ್ಕೆ ಎರಡು ಸಲ, ಬೆಳಗಿನ ಬಿಸಿಲು ಬಿದ್ದಿರುವಾಗ ಎಲೆಯ ಮೇಲೂ ಕೆಳಗೂ ತೊಯ್ಯುವಂತೆ ಸಿಂಪಡಿಸಿ. ಕೆನೆ ತೆಗೆದ ಹಾಲೇ ಸಾಕು, ಅದರಿಂದ ವಾಸನೆ ಕಡಿಮೆ. ಎಲೆಯ ಮೇಲೆ ಬೇರೆ ಬೂಷ್ಟು ಬೆಳೆಯುವುದೂ ಕಡಿಮೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಹಾಲು ರೋಗ ಹರಡದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ಬೆಳ್ಳಗಾದ ಬಳ್ಳಿಯನ್ನು ಗುಣಪಡಿಸುವುದಿಲ್ಲ. ಮೊದಲ ಚುಕ್ಕೆ ಕಂಡ ದಿನವೇ ಆರಂಭಿಸಿದವರಿಗೆ ಫಲ ಸಿಗುತ್ತದೆ. ನಿಮ್ಮ ಹಿತ್ತಲಲ್ಲಿ ಹೀರೆಗೆ ರೋಗ ಇನ್ನೂ ಬಂದಿಲ್ಲವಾದ್ದರಿಂದ ಅದಕ್ಕೆ ಇವತ್ತೇ ಶುರು ಮಾಡಬಹುದು. ಹುಳಿ ಮಜ್ಜಿಗೆಯನ್ನು ಬಳಸುವ ರೂಢಿಯೂ ನಮ್ಮಲ್ಲಿದೆ. ಬಳಸುವವರು ಚೆನ್ನಾಗಿ ತೆಳ್ಳಗೆ ಮಾಡಿ, ಸೋಸಿ ಬಳಸಿದರೆ ಗಿಡಕ್ಕೆ ಹಾನಿಯಿಲ್ಲ.

ಅಡುಗೆ ಸೋಡಾದ ಬಗ್ಗೆ ಹಲವರು ಕೇಳುತ್ತಾರೆ. ಒಂದು ಲೀಟರ್ ನೀರಿಗೆ 5 ಗ್ರಾಂ ಸೋಡಾ ಮತ್ತು ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಿಂಪಡಿಸಿದರೆ ಬೂದಿ ರೋಗ ಸ್ವಲ್ಪ ಮಟ್ಟಿಗೆ ಹತೋಟಿಗೆ ಬರುವುದು ನಿಜ. ಆದರೆ ಅದರಲ್ಲಿರುವ ಸೋಡಿಯಂ ಕೊನೆಗೆ ಮಣ್ಣಿಗೇ ಇಳಿಯುತ್ತದೆ. ಗಜನಿಯ ಅಂಚಿನಲ್ಲಿರುವ, ಬೇಸಿಗೆಯಲ್ಲಿ ಬಾವಿಯ ನೀರೇ ಉಪ್ಪಾಗುವ ಊರುಗಳಲ್ಲಿ ಗಿಡದ ಬುಡಕ್ಕೆ ಇನ್ನಷ್ಟು ಸೋಡಿಯಂ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಸಿಕ್ಕರೆ ಪೊಟ್ಯಾಸಿಯಂ ಬೈಕಾರ್ಬೊನೇಟ್ ಅನ್ನು ಅದೇ ಪ್ರಮಾಣದಲ್ಲಿ ಬಳಸಿ. ಅದು ಸೋಡಾಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಪೊಟ್ಯಾಷ್ ಗಿಡಕ್ಕೆ ಪೋಷಕಾಂಶವೂ ಹೌದು.

ಇಷ್ಟಕ್ಕೂ ರೋಗ ನಿಲ್ಲದಿದ್ದರೆ ನೀರಿನಲ್ಲಿ ಕರಗುವ ಗಂಧಕವೆಂದು ಅಂಗಡಿಯಲ್ಲಿ ಸಿಗುವ ಶೇಕಡಾ 80ರ ಗಂಧಕದ ಪುಡಿಯನ್ನು ಬಳಸಬಹುದು. ಸಾವಯವ ಕೃಷಿಯಲ್ಲೂ ಒಪ್ಪಿತವಾದ ವಸ್ತು ಇದು. ಬೆಂಡೆಗೆ ಲೀಟರಿಗೆ 2ರಿಂದ 3 ಗ್ರಾಂ ಸಾಕು. ಸೌತೆಯ ಜಾತಿಯ ಬಳ್ಳಿಗಳಲ್ಲಿ ಕೆಲವು ತಳಿಗಳ ಎಲೆ ಗಂಧಕಕ್ಕೆ ಸುಡುತ್ತದೆ. ಅದಕ್ಕಾಗಿ ಲೀಟರಿಗೆ 2 ಗ್ರಾಂ ಮೀರದಂತೆ ಕರಗಿಸಿ ಮೊದಲು ನಾಲ್ಕೈದು ಎಲೆಗಳಿಗೆ ಮಾತ್ರ ಸಿಂಪಡಿಸಿ, ಎರಡು ದಿನ ಕಾದು, ಸುಡದಿದ್ದರೆ ಮುಂದುವರಿಯಿರಿ. ಹವೆ 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಹೊಡೆಯಬಾರದು. ಕುಮಟಾ, ಕಾರವಾರದ ಕಡೆ ಫೆಬ್ರುವರಿಯ ಮಧ್ಯಾಹ್ನಗಳೇ ಆ ಮಟ್ಟ ತಲುಪುವುದರಿಂದ ಜನವರಿಯೊಳಗೆ, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು ಒಳ್ಳೆಯದು. ಗಂಧಕವನ್ನು ಬೇವಿನೆಣ್ಣೆ ಅಥವಾ ಬೇರಾವ ಎಣ್ಣೆಯ ಜೊತೆಗೂ ಬೆರೆಸಬಾರದು, ಎರಡರ ನಡುವೆ ಎರಡು ವಾರದ ಅಂತರವಿರಲಿ. ಈ ಒಂದು ನಿಯಮವನ್ನು ಮೀರಿದ್ದರಿಂದಲೇ ಎಷ್ಟೋ ಹಿತ್ತಲುಗಳಲ್ಲಿ ರೋಗಕ್ಕಿಂತ ಹೆಚ್ಚು ಹಾನಿಯಾಗಿದೆ. ಸಿಂಪಡಿಸುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ, ಕಾಯಿಗಳನ್ನು ತೊಳೆದು ಬಳಸಿ.

ಬೂದಿ ಹಿಡಿದ ಎಲೆಗಳನ್ನು ನೋಡುವಾಗ ಇನ್ನೊಂದು ಜೀವಿಯನ್ನು ದಯವಿಟ್ಟು ಗಮನಿಸಿ. ಹೊಳೆಯುವ ಅಚ್ಚ ಹಳದಿ ಬಣ್ಣದ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಚುಕ್ಕೆಗಳಿರುವ ಸಣ್ಣ ಗುಲಗಂಜಿ ಹುಳು ಅಲ್ಲಿ ಓಡಾಡುತ್ತಿರಬಹುದು. ಅದು ಎಲೆ ತಿನ್ನುವುದಿಲ್ಲ, ಹೇನನ್ನೂ ತಿನ್ನುವುದಿಲ್ಲ. ಅದರ ಆಹಾರ ಬೂದಿ ರೋಗದ ಶಿಲೀಂಧ್ರವೇ. ತಿಳಿಯದೆ ಹಿಸುಕಿ ಕೊಲ್ಲುವವರು ಬಹಳ. ಕೊಲ್ಲಬೇಕಾದದ್ದು ಮಾಸಿದ ಕಿತ್ತಳೆ ಬಣ್ಣದ, ಮೈತುಂಬ ಕಪ್ಪು ಚುಕ್ಕೆಗಳಿರುವ, ಹೊಳಪಿಲ್ಲದ ಇನ್ನೊಂದು ದುಂಬಿಯನ್ನು. ಮೈಮೇಲೆ ಮುಳ್ಳುಗಳಿರುವ ಅದರ ಹಳದಿ ಮರಿಗಳು ಹಾಗಲ, ಬದನೆಯ ಎಲೆಯ ಹಸಿರನ್ನು ಕೆರೆದು ಜಾಲರಿಯಂತೆ ಬಿಡುತ್ತವೆ. ಅವನ್ನು ಬೆಳಗ್ಗೆ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು. ಸೌತೆ, ಕುಂಬಳದ ಎಳೆ ಸಸಿಯನ್ನು ತೂತು ತೂತಾಗಿ ತಿನ್ನುವ ಕೆಂಪು ದುಂಬಿಗೆ ಮಾತ್ರ ಇಬ್ಬನಿ ಆರುವ ಮೊದಲು ಎರಚಿದ ಒಲೆಯ ಬೂದಿ ಒಂದಿಷ್ಟು ತಡೆಯಾಗುತ್ತದೆ. ನಿಮ್ಮ ಬಚ್ಚಲೊಲೆಯ ಬೂದಿಯನ್ನು ಅದಕ್ಕೆ ಕಾಯ್ದಿಡಿ.

ಮೆಣಸಿನ ಮುರುಟನ್ನು ತಿಳಿಯಲು ಎಲೆಯ ಅಂಚು ಯಾವ ಕಡೆಗೆ ಮಡಚಿದೆ ಎಂದು ನೋಡಿ. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಾಕಾರ ತಾಳಿದ್ದರೆ ಅದು ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಕುಡಿ ಎಲೆ ಕಿರಿದಾಗಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಹಳದಿ ಮೈಟ್ ನುಸಿ. ಹಲವು ಸಲ ಎರಡೂ ಒಟ್ಟಿಗೆ ಇರುತ್ತವೆ. ಮೇಲೆ ಹೇಳಿದ ಗಂಧಕ ಮೈಟ್ ನುಸಿಯನ್ನೂ ಕೊಲ್ಲುತ್ತದೆ, ಥ್ರಿಪ್ಸ್‌ಗೆ ಅದರಿಂದ ಹೆಚ್ಚಿನ ಪರಿಣಾಮವಿಲ್ಲ. ಥ್ರಿಪ್ಸ್‌ಗೆ ಬೇವು ಬೇಕು. ಮೆಣಸಿಗೂ ಬೂದಿ ರೋಗ ಬರುತ್ತದೆ; ಆದರೆ ಅಲ್ಲಿ ಬಿಳಿ ಪುಡಿ ಎಲೆಯ ಅಡಿಯಲ್ಲಿರುತ್ತದೆ, ಮೇಲೆ ಹಳದಿ ಮಚ್ಚೆ ಮಾತ್ರ ಕಂಡು ಎಲೆ ಉದುರುತ್ತದೆ. ಆ ಶಿಲೀಂಧ್ರ ಎಲೆಯ ಒಳಗೆ ಇಳಿದು ಬೆಳೆಯುವುದರಿಂದ ಹಾಲಿನಂಥ ಹೊರಲೇಪಕ್ಕೆ ಬಗ್ಗುವುದಿಲ್ಲ. ಎಲೆಗಳನ್ನು ಬೇಗ ಆರಿಸಿ ತೆಗೆಯುವುದೇ ದಾರಿ.

ಅಲಸಂದೆಯ ಕಪ್ಪು ಹೇನಿಗೆ ಔಷಧಿಗಿಂತ ಮೊದಲು ಇರುವೆಯನ್ನು ನೋಡಿ. ಹೇನು ಸುರಿಸುವ ಸಿಹಿ ದ್ರವಕ್ಕಾಗಿ ಇರುವೆಗಳು ಅವನ್ನು ಕಾವಲು ಕಾಯುತ್ತವೆ, ಹೇನು ತಿನ್ನುವ ಬೇರೆ ಜಾತಿಯ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಹೇನು ಮುತ್ತಿದ ಎಳೆ ಕುಡಿಯನ್ನು ಚಿವುಟಿ ತೆಗೆದು, ಉಳಿದದ್ದನ್ನು ನೀರಿನ ರಭಸದಿಂದ ಉದುರಿಸಿ. ಮತ್ತೆ ಬಂದರೆ ಬೇವಿನೆಣ್ಣೆ ಬಳಸಿ: 5 ಮಿಲಿ ಎಣ್ಣೆಗೆ 1ರಿಂದ 2 ಮಿಲಿ ದ್ರವ ಸೋಪು ಅಥವಾ ಕುದಿಸಿ ಸೋಸಿದ ಅಂಟುವಾಳದ ನೀರು ಹಾಕಿ ಮೊದಲು ಚೆನ್ನಾಗಿ ಕಲಕಿ, ಬೆಳ್ಳಗಾದ ಮೇಲೆ 1 ಲೀಟರ್ ನೀರು ಸೇರಿಸಬೇಕು. ಎಣ್ಣೆ ತೇಲುತ್ತಿರುವ ದ್ರಾವಣ ಎಲೆಯನ್ನು ಸುಡುತ್ತದೆ. ಬಾವಿಯ ನೀರು ಗಡಸಾಗಿದ್ದರೆ ಸೋಪು ಕದಡಿ ಮುದ್ದೆಯಾಗುತ್ತದೆ. ಆಗ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಅಥವಾ ಹೊಂಗೆ ಸೋಪನ್ನು ಅದರ ಮೇಲೆ ಹೇಳಿದ ಪ್ರಮಾಣದಲ್ಲಿ ಕರಗಿಸುವುದು ಸುಲಭ. ಬೇವಿನ ಸಿಂಪರಣೆ ಸಂಜೆ ಆಗಬೇಕು, ಏಕೆಂದರೆ ಬಿಸಿಲಿಗೆ ಅದರ ಸತ್ವ ಬೇಗ ಕುಂದುತ್ತದೆ. ಬೆಳಗ್ಗೆ ಸೌತೆ, ಹಾಗಲದ ಹೂವಿಗೆ ಬರುವ ತುಡುವೆ ಮತ್ತು ಮಿಸರಿ ಜೇನುಗಳೂ ಆಗ ಇರುವುದಿಲ್ಲ. ಹೀರೆ ಮಾತ್ರ ಇದಕ್ಕೆ ಹೊರತು. ಅದರ ಹೂವು ಸಂಜೆ ಅರಳಿ ಬೆಳಗ್ಗೆ ಮುಚ್ಚುವುದರಿಂದ, ಹೀರೆಗೆ ಬೇವು ಹೊಡೆಯುವುದಾದರೆ ಬೆಳಗ್ಗೆ ಹೂವು ಮುಚ್ಚಿದ ಮೇಲೆ, ಬಿಸಿಲೇರುವ ಮೊದಲು ಹೊಡೆಯಿರಿ.

ದಾಸವಾಳದ ಹಿಟ್ಟು ತಿಗಣೆಗೆ ಮೈಮೇಲೆ ಮೇಣದ ಪುಡಿ ಇರುವುದರಿಂದ ಬರಿಯ ನೀರಿನಂಥ ಔಷಧಿ ತಾಗುವುದಿಲ್ಲ. ಮುತ್ತಿದ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದ ಕಡೆ ಸೋಪಿನ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಂತರ ಬೇವು ಅಥವಾ ಹೊಂಗೆ ಸೋಪು ಸಿಂಪಡಿಸಿ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಲೆಕಾನಿಸಿಲಿಯಂ ಎಂಬ, ಕೀಟಗಳಿಗೆ ರೋಗ ತರುವ ಶಿಲೀಂಧ್ರದ ಪುಡಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಲೀಟರಿಗೆ 5 ಗ್ರಾಂ, ಸಂಜೆಯ ಹೊತ್ತು. ಇದನ್ನು ಗಂಧಕ ಸಿಂಪಡಿಸಿದ ಗಿಡಕ್ಕೆ ಕೂಡಲೇ ಹೊಡೆಯಬೇಡಿ, ಗಂಧಕ ಇದನ್ನೂ ಕೊಲ್ಲುತ್ತದೆ. ಪ್ರಬಲ ಕೀಟನಾಶಕ ಬೇಡವೆನ್ನಲು ಇಲ್ಲೊಂದು ಒಳ್ಳೆಯ ಉದಾಹರಣೆಯಿದೆ. 2008ರಲ್ಲಿ ನಮ್ಮ ದೇಶಕ್ಕೆ ಬಂದ ಪಪ್ಪಾಯಿಯ ಹಿಟ್ಟು ತಿಗಣೆ ದಾಸವಾಳ, ಹಿಪ್ಪುನೇರಳೆ, ಪಪ್ಪಾಯಿಗಳನ್ನು ಹಾಳುಗೆಡವಿದಾಗ ಕೀಟನಾಶಕಗಳು ಸೋತವು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಬ್ಯೂರೋ (ಈಗಿನ ಎನ್‌ಬಿಎಐಆರ್) ಮೂಲಕ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಒಂದು ಸಣ್ಣ ಪರಾವಲಂಬಿ ಕಣಜ ಅದನ್ನು ಹತೋಟಿಗೆ ತಂದಿತು. ಹಿತ್ತಲಲ್ಲಿ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳೇ.

ಹಾಗಲದ ಹುಳುವಿಗೆ ಯಾವ ಸಿಂಪರಣೆಯೂ ಫಲ ಕೊಡುವುದಿಲ್ಲ, ಏಕೆಂದರೆ ನೊಣ ಮಿಡಿಯ ಸಿಪ್ಪೆಯ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಹೂವು ಬಾಡಿ ಮಿಡಿ ನಿಂತ ಕೂಡಲೇ ಕಾಗದದ ಚೀಲ ಕಟ್ಟುವುದು ಹಿತ್ತಲಿಗೆ ಅತ್ಯುತ್ತಮ ಉಪಾಯ. ಕೊಳೆತ ಮಿಡಿಗಳನ್ನು ಬುಡದಲ್ಲಿ ಬಿಡಬೇಡಿ. ಮರಿಗಳು ಅದರಿಂದ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣಗಳಾಗುತ್ತವೆ. ಅವನ್ನು ದಿನವೂ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಿನಲ್ಲಿಡಿ, ಬುಡದ ಮಣ್ಣನ್ನು ಆಗಾಗ ಕೆದಕಿ. ನೊಣಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ತರುವಾಗ ಅಂಗಡಿಯಲ್ಲಿ ಕ್ಯೂ ಲ್ಯೂರ್ ಎಂದೇ ಕೇಳಿ. ಮಾವಿಗೆ ಕಟ್ಟುವ ಮಿಥೈಲ್ ಯೂಜಿನಾಲ್ ಬಲೆಗೆ ಮಾವಿನ ನೊಣ ಬರುತ್ತದೆ, ಹಾಗಲ ಮತ್ತು ಹೀರೆಯ ನೊಣ ಬರುವುದಿಲ್ಲ. ಮಾವಿನ ಬಲೆಯನ್ನೇ ಹಾಗಲದ ಚಪ್ಪರಕ್ಕೆ ಕಟ್ಟಿ, ಬಲೆಯಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದವರು ಹಲವರಿದ್ದಾರೆ.

ಇಷ್ಟೆಲ್ಲ ಶ್ರಮವೇಕೆ, ಒಂದು ಬಲವಾದ ಔಷಧಿ ಹೊಡೆದರಾಯಿತು ಎಂದು ನಿಮಗೆ ಯಾರಾದರೂ ಸಲಹೆ ಕೊಟ್ಟರೆ ಅದನ್ನು ಒಪ್ಪಬೇಡಿ. ಮೊನೊಕ್ರೊಟೊಫಾಸ್ ಎಂಬ ಪ್ರಬಲ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ. ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಎಷ್ಟು ಕುಟುಂಬಗಳ ಬದುಕನ್ನು ಕಂಗೆಡಿಸಿತು ಎಂಬುದು ಈ ಜಿಲ್ಲೆಯವರಿಗೆ ಬೇರೆಯವರು ಹೇಳಬೇಕಾದ ಮಾತಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಎರಡು ದಿನಕ್ಕೊಮ್ಮೆ ಕೊಯ್ದು ಮಕ್ಕಳಿಗೆ ಹಸಿಯಾಗಿ ತಿನ್ನಲು ಕೊಡುವ ಸೌತೆಗೆ, ವಾರಗಟ್ಟಲೆ ಒಳಗೇ ಉಳಿಯುವ ಔಷಧಿ ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಕೊನೆಯದಾಗಿ ಈಗಿನ ಬಳ್ಳಿಗಳ ವಿಷಯ. ನೀವು ಬರೆದಿರುವುದನ್ನು ನೋಡಿದರೆ ಸೌತೆಯ ಬಳ್ಳಿ ಉಳಿಯುವುದು ಕಷ್ಟ. ಕುಡಿಯಲ್ಲಿ ಹೊಸ ಎಲೆ ಹಸಿರಾಗಿ ಬರದಿದ್ದರೆ ಅದನ್ನು ಕಿತ್ತು ಗುಂಡಿಗೆ ಹಾಕುವುದೇ ಮೊಗೆ ಮತ್ತು ಹೀರೆಗೆ ನೀವು ಮಾಡುವ ದೊಡ್ಡ ಉಪಕಾರ. ಮೊಗೆ ಮತ್ತು ಬೆಂಡೆಯಲ್ಲಿ ಕೆಳಗಿನ ಎಲೆ ತೆಗೆದು, ತೊಳೆದು, ಹಾಲಿನ ಸಿಂಪರಣೆಯನ್ನು ಎರಡು ವಾರ ಮಾಡಿ ನೋಡಿ, ಹೊಸ ಎಲೆಗಳಿಗೂ ಬೂದಿ ಹತ್ತಿದರೆ ಗಂಧಕಕ್ಕೆ ಹೋಗಿ. ಮತ್ತೆ ಸೌತೆ ಬಿತ್ತುವುದಾದರೆ ಹಳೆಯ ಬಳ್ಳಿ ತೆಗೆದ ಮೇಲೆಯೇ ಬಿತ್ತಿ, ಬೆಳಗಿನ ಬಿಸಿಲು ನೇರ ಬೀಳುವ ಜಾಗ ಆರಿಸಿ, ಚಪ್ಪರಕ್ಕೆ ಈಗಿನದರ ಅರ್ಧದಷ್ಟು ಬಳ್ಳಿ ಮಾತ್ರ ಹಬ್ಬಿಸಿ. ಮುಂದಿನ ವರ್ಷ ಮಳೆ ತಗ್ಗಿದ ಕೂಡಲೇ ಬಿತ್ತಿದರೆ ರೋಗದ ಕಾಲ ಬರುವುದರೊಳಗೆ ಅರ್ಧ ಫಸಲು ಕೈಸೇರಿರುತ್ತದೆ. ಮೆಣಸಿನ ನುಸಿ ಯಾವುದೆಂದು ಗುರುತಿಸಲು ಆಗದಿದ್ದರೆ ಎರಡು ಮೂರು ಕುಡಿಗಳನ್ನು ಒಣ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಹಾಕದೆ, ಅದೇ ದಿನ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ನಿಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ತೋರಿಸಿ. ಭೂತಗನ್ನಡಿಯ ಕೆಳಗೆ ಅದು ಕೂಡಲೇ ಗೊತ್ತಾಗುತ್ತದೆ.